ನವಿಲಾಟದ ಬೋರ್ಡು

ರುದ್ರೇಶನ ಅಂಗಡಿಗೆ ಅನೀಸನನ್ನು ಕರೆಸಿದವಳು ನಾನೇ.

ಅನೀಸ ಹುಬ್ಬಳ್ಳಿಯವನು. ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಗಳ ಒಳಗಿನ ಸರ್ಕ್ಯೂಟ್ ಬೋರ್ಡು ಹುಡುಕಿಕೊಂಡು ಊರೂರು ತಿರುಗುತ್ತಾನೆ. ಪೇಟೆಗೆ ಬಂದು ಹೆಸರು ಮಾಡಿದ ಆಟಗಳು ಅವನಿಗೆ ಬೇಡ. ಯಾರೋ ಒಬ್ಬರು ಕೂತು ಮಾಡಿ, ಒಂದೇ ಒಂದು ಮಾದರಿಗೆ ನಿಂತುಹೋದ ಆಟಗಳು ಬೇಕು. ಅವುಗಳ ಒಳಗಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಮಾಡಿದವರ ಹೆಸರಿನೊಂದಿಗೆ ಕಾದಿಡುತ್ತಾನೆ. ಅಂಥದೊಂದು ಹಾನಗಲ್ಲ ಬಸ್ ನಿಲ್ದಾಣದ ಎದುರಿಗಿದೆ ಎಂದು ಅವನಿಗೆ ಬರೆದೆ. ಯಾರು ಮಾಡಿದ್ದೆಂದು ಮಾತ್ರ ಬರೆಯಲಿಲ್ಲ. ಅದು ರುದ್ರೇಶನ ಬಾಯಿಂದಲೇ ಬರಬೇಕಿತ್ತು.

ಮಾಡಿದ್ದು ನನ್ನಪ್ಪ, ಮಾಲತೇಶ. ಅಕ್ಕಿಆಲೂರಿನಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ. ರುದ್ರೇಶನ ವಿಡಿಯೋ ಗೇಮ್ ಅಂಗಡಿಯ ಪೆಟ್ಟಿಗೆಗಳನ್ನು ಬಿಚ್ಚಿ ಬಿಚ್ಚಿ ಕಲಿತು, ತಾನೂ ಒಂದು ಆಟ ಕಟ್ಟುತ್ತೇನೆಂದು ಹಟ ಹಿಡಿದ. ಮೂರು ವರ್ಷ ಬೇಕಾಯಿತು. ಬಂಕಾಪುರದ ಕೋಟೆಯೊಳಗೆ ಒಂದು ನವಿಲು ಓಡಾಡಿ ಕಾಳು ಹೆಕ್ಕಬೇಕು, ನಾಯಿಗಳಿಗೆ ಸಿಗಬಾರದು, ಅಷ್ಟೇ ಆಟ. ಆ ನವಿಲನ್ನು ಗಣಿತದ ಚೌಕಳಿ ಹಾಳೆಯ ಮೇಲೆ ಚೌಕ ತುಂಬಿ ತುಂಬಿ ಬರೆದವಳು ನಾನು. ಆಗ ನನಗೆ ಹತ್ತು ವರ್ಷ.

ಆಟವೆಲ್ಲ ಎರಡು ಚಿಪ್‌ಗಳಲ್ಲಿತ್ತು. ಒಂದರಲ್ಲಿ ಚಿತ್ರ, ಇನ್ನೊಂದರಲ್ಲಿ ಆ ಚಿತ್ರಗಳನ್ನು ಓಡಾಡಿಸುವ ನಡೆ. ಆ ಕಾಲದ ಚಿಪ್‌ಗಳ ನೆತ್ತಿಯ ಮೇಲೆ ಸಣ್ಣದೊಂದು ಗಾಜಿನ ಕಿಟಕಿ ಇರುತ್ತದೆ. ಅದರ ಮೇಲೆ ಬಿಸಿಲು ಬೀಳುತ್ತಿದ್ದರೆ ಒಳಗೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಅದಕ್ಕೇ ಅಪ್ಪ ಎರಡೂ ಕಿಟಕಿಗೆ ದಪ್ಪ ಚೀಟಿ ಅಂಟಿಸಿ, ಅದರ ಮೇಲೆ ತನ್ನ ಹೆಸರು ಬರೆದಿದ್ದ. ಚಿತ್ರದ ಚಿಪ್‌ನ ಇನ್ನೊಂದು ಪ್ರತಿ ಮಾಡಿ ನನ್ನ ಕೈಗಿಟ್ಟು, ನವಿಲು ನಿನ್ನದು, ನೀನೇ ಇಟ್ಟುಕೋ ಎಂದಿದ್ದ.

ಜನ ಆಡಿ ನೋಡಲೆಂದು ಬೋರ್ಡನ್ನು ರುದ್ರೇಶನ ಅಂಗಡಿಯ ಒಂದು ಪೆಟ್ಟಿಗೆಯೊಳಗೆ ಕೂಡಿಸಿದ. ಒಂದೇ ವಾರಕ್ಕೆ ತಿಳವಳ್ಳಿಯಿಂದಲೂ ಬಸ್ ಹತ್ತಿ ಬಂದು ಆಡತೊಡಗಿದರು. ಎರಡನೇ ವಾರ ರುದ್ರೇಶ ಬ್ಲೇಡು ಹಿಡಿದು ಚೀಟಿಗಳನ್ನು ಕೆರೆದು ಹಾಕಿದ, ಬೋರ್ಡಿನ ಅಂಚಿಗೆ ತನ್ನ ಹೆಸರು ಬರೆದುಕೊಂಡ. ಕೇಳಲು ಹೋದ ಅಪ್ಪನಿಗೆ, ರಿಪೇರಿಗೆ ಬಂದವನು ರಿಪೇರಿ ಮಾಡಿ ಹೋಗಬೇಕು ಎಂದು ಗಿರಾಕಿಗಳೆದುರೇ ಹೇಳಿ ನಗಿಸಿದ. ಅಪ್ಪ ಮನೆಗೆ ಬಂದು ಆಟದ ಲೆಕ್ಕ ಬರೆದ ನೋಟ್‌ಬುಕ್ಕುಗಳನ್ನೆಲ್ಲ ನೀರೊಲೆಗೆ ಹಾಕಿದ. ಸಾಯುವ ತನಕ ಮತ್ತೊಂದು ಆಟ ಕಟ್ಟಲಿಲ್ಲ. ಹೋಗಲಿ ಬಿಡು ಎಂದು ಅವ್ವ ಈಗಲೂ ಹೇಳುತ್ತಾಳೆ. ನಾನು ಬಿಡುವ ಪೈಕಿ ಅಲ್ಲ.

ವಿಡಿಯೋ ಗೇಮ್ ಕಾಲ ಮುಗಿದ ಮೇಲೆ ರುದ್ರೇಶ ಮೊಬೈಲ್ ಕವರ್ ಮಾರತೊಡಗಿದ. ಬೋರ್ಡನ್ನು ಪೆಟ್ಟಿಗೆಯಿಂದ ಕಿತ್ತು, ಹೊರಗೆ ಬಾಗಿಲ ಮೇಲೆ ಹಲಗೆಗೆ ಹೊಡೆದು, ತಾನು ಕಟ್ಟಿದ ಆಟ ಎಂದು ಕೆಳಗೆ ಬರೆಸಿದ. ಪ್ರತಿ ವರ್ಷ ಆಯುಧ ಪೂಜೆಗೆ ಕೆಳಗಿಳಿಸಿ, ಚಿಪ್‌ಗಳ ಗಾಜು ಫಳಫಳ ಹೊಳೆಯುವಂತೆ ಒರೆಸಿ, ಹೂ ಏರಿಸಿ ಮತ್ತೆ ಅದೇ ಬಿಸಿಲಿಗೆ ಹಾಕುತ್ತಿದ್ದ. ಹಲಗೆ ಏರಿಸಿದ ಮರುದಿನವೇ ಬಸ್ಸಿನ ಕಿಟಕಿಯಿಂದ ಅದನ್ನು ಕಂಡು, ಒಳಗಿನದೆಲ್ಲ ಅಳಿಸಿಹೋಗುತ್ತದಲ್ಲ ಎಂದು ಗಾಬರಿಯಾದೆ. ಮರುಕ್ಷಣವೇ ಎಂಥದೋ ಖುಷಿಯಾಯಿತು. ನಾನೂ ರಿಪೇರಿಯವಳೇ, ಚೀಲದಲ್ಲಿ ಕಪ್ಪು ಟೇಪು ಯಾವಾಗಲೂ ಇರುತ್ತದೆ. ಇಳಿಯಲಿಲ್ಲ. ಹನ್ನೊಂದು ವರ್ಷ ಇಳಿಯಲಿಲ್ಲ.

ಅನೀಸ ಬಂದ ದಿನ ರುದ್ರೇಶ ಇಸ್ತ್ರಿ ಅಂಗಿ ತೊಟ್ಟು, ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕೂಡಿಸಿದ್ದ. ಗುಂಪಿನಲ್ಲಿ ನಾನೂ ನಿಂತೆ. ಕ್ಯಾಮೆರಾದ ಮುಂದೆ ಕೂತು, ರಾತ್ರಿ ಹಗಲೆನ್ನದೆ ಈ ಆಟ ಹೇಗೆ ಕಟ್ಟಿದೆನೆಂದು ಅರ್ಧ ತಾಸು ಹೇಳಿದ. ಅನೀಸ ಎಲ್ಲವನ್ನೂ ಬರೆದುಕೊಂಡು, ಚಿಪ್‌ಗಳನ್ನು ಕಿತ್ತು, ಅವುಗಳನ್ನು ಓದುವ ತನ್ನ ಯಂತ್ರಕ್ಕೆ ಸಿಕ್ಕಿಸಿದ. ಒಂದು ಸಲ ನೋಡಿದ, ತೆಗೆದು ಮತ್ತೊಂದು ಸಲ ಸಿಕ್ಕಿಸಿ ನೋಡಿದ.

"ಎರಡೂ ಖಾಲಿ ಅದಾವ್ರಿ," ಎಂದ.

ತುಂಬಿದ್ದವು, ಯಾರೋ ಅಳಿಸಿದ್ದಾರೆ ಎಂದು ರುದ್ರೇಶ ದನಿ ಏರಿಸಿದ. ನಾನು ಮುಂದೆ ಬಂದೆ.

"ಅಳಿಸಿದವ್ರು ನೀವರಿ. ನಮ್ಮಪ್ಪನ ಹೆಸರು ಕೆರದು ಗಾಜು ಬಿಸಿಲಿಗೆ ಇಟ್ರಿ. ಕಟ್ಟಿದವ್ರಿಗೆ ಇಷ್ಟೂ ಗೊತ್ತಿರಲಿಲ್ಲೇನ್ರಿ?"

ಅವನ ಮುಖ ಕೆಂಪಾಯಿತು. ಎಲ್ಲರನ್ನೂ ಒಮ್ಮೆ ನೋಡಿ, ನನ್ನ ಮೇಲೆ ಹರಿಹಾಯ್ದ.

"ಗಾಜು ಮುಚ್ಚಬೇಕಂತ ಮಾಲತೇಶ ನನಗ ಯಾವಾಗ ಹೇಳಿದ್ದ? ಮಾಡಿದಾಂವ ಅಂವ, ಅಂವ ಹೇಳಬೇಕಿತ್ತು."

ಕ್ಯಾಮೆರಾ ಇನ್ನೂ ಓಡುತ್ತಿತ್ತು. ಪಕ್ಕದ ಅಂಗಡಿಯವನು ಕಿಸಕ್ಕೆಂದು ನಕ್ಕ. ತಾನೇನು ಹೇಳಿದೆನೆಂದು ರುದ್ರೇಶನಿಗೆ ಆಗ ಹೊಳೆಯಿತು. ಅಂಗಡಿಯೊಳಗೆ ಹೋಗಿ ಶಟರ್ ಎಳೆದುಕೊಂಡ. ನನಗೆ ಹೊಟ್ಟೆ ತುಂಬ ಉಂಡಷ್ಟು ತೃಪ್ತಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ನನ್ನ ಹತ್ತಿರವಿದ್ದ ಚಿಪ್ ಅನೀಸನಿಗೆ ಕೊಟ್ಟೆ. ಚೀಟಿ ಹಾಗೇ ಇತ್ತು, ಅಪ್ಪನ ಅಕ್ಷರವೂ ಇತ್ತು. ಸ್ವಲ್ಪ ಹೊತ್ತಿಗೆ ಅವನ ಲ್ಯಾಪ್‌ಟಾಪಿನ ಪರದೆಯ ಮೇಲೆ ಕೋಟೆ ಗೋಡೆ ಬಂತು, ನಾಯಿ ಬಂತು, ನನ್ನ ನವಿಲು ಬಂತು. ಎಲ್ಲ ಸಾಲಾಗಿ ಸುಮ್ಮನೆ ನಿಂತಿದ್ದವು. ನಡೆಯ ಚಿಪ್ ಎಲ್ಲಿ ಎಂದು ಅನೀಸ ಕೇಳಿದ. ಅದರ ಪ್ರತಿ ಇಲ್ಲ, ಬಾಗಿಲ ಮೇಲಿದ್ದದ್ದೊಂದೇ ಎಂದೆ. ಬಿಸಿಲಿಗಿಟ್ಟದ್ದು ಯಾವಾಗಿನಿಂದ ಗೊತ್ತು ಎಂದು ಕೇಳಿದ. ಅದನ್ನೂ ಹೇಳಿದೆ.

"ಒಂದು ತುಂಡು ಟೇಪು ಹಚ್ಚಿದ್ರ ಸಾಕಿತ್ತಲ್ಲ, ಅಕ್ಕಾ," ಎಂದ.

ಅಪ್ಪನ ನವಿಲು ಇನ್ನು ಓಡುವುದಿಲ್ಲ ಎಂಬುದು ಅಲ್ಲಿಯವರೆಗೆ ನನ್ನ ತಲೆಗೆ ಪೂರ್ತಿ ಇಳಿದಿರಲಿಲ್ಲ. ಅಳು ಬಂತು, ಅತ್ತೆ. ಆದರೂ ರುದ್ರೇಶನ ಮೇಲಿನ ಸಿಟ್ಟು ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಅನೀಸ ತನ್ನ ದಾಖಲೆಯ ಹಾಳೆ ತೆಗೆದ. ಮಾಡಿದವರು ಎಂಬಲ್ಲಿ ಅಪ್ಪನ ಹೆಸರು, ಊರು ಬರೆದ. ಚಿತ್ರ ಬರೆದವರು ಎಂಬಲ್ಲಿ ಸುಧಾರಾಣಿ ಎಂದು ನನ್ನ ಹೆಸರು ಬರೆದ. ಕೊನೆಯಲ್ಲಿ, ಹಾಳಾದದ್ದು ಯಾರಿಂದ ಎಂಬ ಸಾಲಿನಲ್ಲಿ ರುದ್ರೇಶನ ಹೆಸರು ಬರೆದು ಪೆನ್ನು ಮುಚ್ಚಹೋದ.

"ತಡೀಪಾ," ಎಂದೆ. "ಅಲ್ಲೂ ನನ್ನ ಹೆಸರು ಬರಿ."