ನಿಮ್ಮದೊಂದೇ ಹೀಗೆ

ಲ್ಯಾಪ್‌ಟಾಪ್ ರಿಪೇರಿಯಾಗಿತ್ತು. ಸರ್ವಿಸ್ ಸೆಂಟರಿನ ಕೌಂಟರಿನಲ್ಲೇ ತೆರೆದು ನೋಡಿದೆ. ಕೀಬೋರ್ಡ್ ಹೊಸದು.

“ನನ್ನ ಗಂಡಂದು ಎಲ್ಲಿ?”

ಕೌಂಟರಿನವನು ಲ್ಯಾಪ್‌ಟಾಪನ್ನೇ ತೋರಿಸಿದ. “ಇದೇ ಅಲ್ವಾ ಮೇಡಂ?”

“ಹಳೇ ಕೀಬೋರ್ಡು.”

“ಬ್ಯಾಟರಿ ಉಬ್ಬಿತ್ತಲ್ಲ, ಅದನ್ನ ಕೀಬೋರ್ಡಿಗೇ ಅಂಟಿಸಿರ್ತಾರೆ. ಒಂದು ಬದಲಾಯಿಸಿದ್ರೆ ಎರಡೂ ಹೋಗುತ್ತೆ. ಹಳೇದು ಕಂಪನಿಗೆ ಸೇರಿದ್ದು.”

“ಹಲ್ಲು ಕೀಳಿಸೋಕೆ ಹೋದ್ರೆ ದವಡೆನೇ ಇಟ್ಕೊಂಡ್ರಂತೆ,” ಎಂದರು ಪಕ್ಕದಲ್ಲಿದ್ದ ಅತ್ತೆ.

ನನ್ನ ಗಂಡ ಇದನ್ನು ಕೊಂಡಾಗ ಅಂಗಡಿಯಲ್ಲಿ ಇದಕ್ಕಿಂತ ದುಬಾರಿಯದು ಇರಲಿಲ್ಲ. ಮೊದಲು ಮುಚ್ಚಳದ ಕೀಲು ಮುರಿಯಿತು. ಆಮೇಲೆ ಪರದೆಯ ಮೇಲೆ ಗೆರೆ ಬಂತು. ಎರಡು ಸಲವೂ ಇದೇ ಕೌಂಟರಿನಲ್ಲಿ ಒಂದೇ ಉತ್ತರ: “ನಿಮ್ಮದೊಂದೇ ಹೀಗೆ ಸಾರ್. ಬೇರೆ ಯಾರೂ ದೂರು ತಂದಿಲ್ಲ.” ಅವರು ನಂಬಿದರು. ತಮ್ಮ ಕೈಯೇ ಒರಟು ಎಂದುಕೊಂಡು, ಮುಚ್ಚಳವನ್ನು ಎರಡೂ ಕೈಯಲ್ಲಿ ಮೆಲ್ಲಗೆ ತೆರೆಯುತ್ತಿದ್ದರು. ಬ್ಯಾಟರಿ ಉಬ್ಬಿದ್ದು ಅವರು ತೀರಿಕೊಂಡ ಮೇಲೆ.

ಅವರದು ಎಡಗೈ. ಸ್ಪೇಸ್ ಬಾರಿನ ಎಡತುದಿ ಅವರ ಹೆಬ್ಬೆರಳಿಗೆ ಸವೆದು ಹೊಳೆಯುತ್ತಿತ್ತು. ಅವರ ಬಟ್ಟೆ, ಚಪ್ಪಲಿ ಯಾರುಯಾರಿಗೋ ಹೋದವು. ನಾನು ಬೇಡ ಎನ್ನಲಿಲ್ಲ. ಅಳಲೂ ಇಲ್ಲ. ಇದೊಂದು ಬೇಕಿತ್ತು.

“ಒಳಗಿದ್ಯಾ, ಇಲ್ವಾ?”

“ಇದೆ. ಸಂಜೆ ಗಾಡಿ ಬಂದು ತಗೊಂಡು ಹೋಗುತ್ತೆ. ಕೊಡೋ ಹಾಗಿಲ್ಲ ಮೇಡಂ, ಆ ಬ್ಯಾಟರಿ ಅಪಾಯ.”

“ಅಷ್ಟು ದಿನ ನನ್ನ ಮಗನ ತೊಡೆ ಮೇಲಿತ್ತಲ್ಲಪ್ಪ,” ಎಂದರು ಅತ್ತೆ. “ಆಗೇನು ಅದು ಬೆಕ್ಕಿನ ಮರಿ ಆಗಿತ್ತಾ?”

ನಾನು ಪಕ್ಕದ ಬಾಗಿಲು ತಳ್ಳಿ ಒಳಗೆ ನಡೆದೆ. ಅವನು “ಮೇಡಂ, ಮೇಡಂ” ಎನ್ನುತ್ತಾ ಹಿಂದೆಯೇ ಬಂದ.

ಗೋಡೆಯುದ್ದಕ್ಕೂ ಪೆಟ್ಟಿಗೆಗಳು. ಅವುಗಳ ತುಂಬ ಅದೇ ಮಾಡೆಲ್ಲಿನ ಕೀಬೋರ್ಡುಗಳು, ಒಂದೊಂದರ ಅಡಿಯಲ್ಲೂ ದಿಂಬಿನಂತೆ ಉಬ್ಬಿದ ಬ್ಯಾಟರಿ. ಮೇಲೆ ಥಳುಕು, ಒಳಗೆ ಹುಳುಕು.

“ನಮ್ಮದೊಂದೇ?”

ಅವನು ಹತ್ತಿರದ ಪೆಟ್ಟಿಗೆಯ ಮುಚ್ಚಳ ಎಳೆದ.

ನಾನು ಹುಡುಕಿದೆ. ಒಂದೊಂದು ಕೀಬೋರ್ಡನ್ನೂ ಯಾರದೋ ಬೆರಳು ಎಲ್ಲೋ ಸವೆಸಿತ್ತು. ಅಷ್ಟೂ ಜನಕ್ಕೆ ಇವನು ಅದೇ ಮಾತು ಹೇಳಿದ್ದ. ಕಿಟಕಿಯ ಬಳಿಯ ಪೆಟ್ಟಿಗೆಯಲ್ಲಿ ಒಂದರ ಎಡತುದಿ ಹೊಳೆಯಿತು. ಹೆಬ್ಬೆರಳಿಟ್ಟೆ. ಅವರದೇ.

“ಈ ಕೀ ಒಂದನ್ನ ಕಿತ್ತು ಕೊಡಿ. ಬ್ಯಾಟರಿ ನಿಮ್ಮ ಕಂಪನಿನೇ ಇಟ್ಕೊಳ್ಳಲಿ.”

ಅವನು ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಅದನ್ನು ಎಬ್ಬಿಸಿದ. ನನ್ನ ಕೈಗಿಡುತ್ತಾ, “ಹೊರಗಡೆ ಏನೂ ಹೇಳ್ಬೇಡಿ ಮೇಡಂ,” ಎಂದ.

ಹೊರಗೆ ಅತ್ತೆಯ ಪಕ್ಕದ ಕುರ್ಚಿಯಲ್ಲಿ ಒಬ್ಬರು ಕೂತಿದ್ದರು. ತೊಡೆಯ ಮೇಲೆ ಅದೇ ಲ್ಯಾಪ್‌ಟಾಪ್, ಜೋತುಬಿದ್ದ ಮುಚ್ಚಳ. ಎರಡೂ ಕೈಯಲ್ಲಿ ಹಿಡಿದಿದ್ದರು.

“ನಾನೇ ಎಲ್ಲೋ ಜೋರಾಗಿ ತೆಗೆದ್ಬಿಟ್ಟೆ ಅನ್ಸುತ್ತಮ್ಮ,” ಎಂದು ಅತ್ತೆಗೆ ಹೇಳುತ್ತಿದ್ದರು.

“ನಿಮ್ಮ ಕೈ ಸರಿಯಾಗೇ ಇದೆ!” ಎಂದೆ. ನನ್ನ ದನಿ ಇಡೀ ಕೋಣೆಗೆ ಕೇಳಿಸಿತು. ಸಾಲಿನಲ್ಲಿದ್ದವರೆಲ್ಲ ತಿರುಗಿದರು.

ಬಾಗಿಲನ್ನು ಪೂರ್ತಿ ತೆರೆದು ಹಿಡಿದೆ.

“ಎಲ್ಲರೂ ಬನ್ನಿ. ಒಳಗೆ ನೋಡಿ.”