ಜೀರುಂಡೆ ಹೊಕ್ಕ ಗಿಟಾರ್

ಶನಿವಾರ ಮಧ್ಯಾಹ್ನ ಮೂರೂವರೆಗೆ ಪ್ರೆಸ್ಸಿನ ಶಿಫ್ಟು ಮುಗಿಯಿತೋ ಇಲ್ಲವೋ, ಗುಂಯಣ್ಣ ಗಿಟಾರಿನ ಚೀಲವನ್ನು ಹೆಗಲಿಗೇರಿಸಿಕೊಂಡು ಓಡಿದ. ಕೈ ಕೂಡ ತೊಳೆಯಲಿಲ್ಲ, ಉಗುರಿನ ಸಂದಿಯಲ್ಲಿ ನೀಲಿ ಶಾಯಿ ಹಾಗೇ ಇತ್ತು. ನಲವತ್ತೆರಡು ವರ್ಷದ, ಹೊಟ್ಟೆ ಬಂದ, ಬೊಕ್ಕತಲೆಯ ಮನುಷ್ಯ ಹೀಗೆ ಓಡಿದರೆ ಯಾರು ಸುಮ್ಮನಿರುತ್ತಾರೆ? "ಏನ್ ಸಾರ್, ಮನೆಗೆ ಬೆಂಕಿ ಬಿದ್ದಿದ್ಯಾ?" ಎಂದು ಗೇಟಿನ ವಾಚ್‌ಮನ್ ಕೂಗಿದ. ಗುಂಯಣ್ಣ ನಕ್ಕು ಕೈ ಬೀಸಿದ. ಅವನಿಗೆ ಕಂಡದ್ದು ವಾಚ್‌ಮನ್ನಿನ ಬಾಯಿ ಅಲ್ಲಾಡಿದ್ದಷ್ಟೇ. ಒಂದೂವರೆ ವರ್ಷದಿಂದ ಅರ್ಧಕ್ಕರ್ಧ ಪ್ರಶ್ನೆಗಳಿಗೆ ಅವನು ಹೀಗೆ ನಕ್ಕು ಕೈ ಬೀಸಿಯೇ ಉತ್ತರ ಕೊಡುತ್ತಿದ್ದ.

ಗುಂಯಣ್ಣ ಅನ್ನುವುದು ಬ್ಯಾಂಡಿನವರು ಇಟ್ಟ ಹೆಸರು. ಬೇಸ್ ಗಿಟಾರ್ ಗುಂಯ್ ಅನ್ನುತ್ತದೆ, ಅದನ್ನು ನುಡಿಸುವವನು ಗುಂಯಣ್ಣ, ಅಷ್ಟೇ. ಬ್ಯಾಂಡೆಂದರೆ ನಾಲ್ಕೇ ಜನ. ಡ್ರಮ್ಸ್ ಬಾರಿಸುವ ಟೈರ್ ಮಾಮ, ಅವನ ಟೈರ್ ಅಂಗಡಿಯ ಹಿಂದಿನ ಗೋಡೌನಿನಲ್ಲೇ ಪ್ರಾಕ್ಟೀಸು. ಕೀಬೋರ್ಡಿಗೆ ಒಬ್ಬ ಗಣಿತದ ಮೇಷ್ಟ್ರು. ಹಾಡು ಬರೆದು ಹಾಡುವವಳು ಗುಂಯಣ್ಣನ ಸ್ವಂತ ತಂಗಿ. ಹಲ್ಲಿನ ಕ್ಲಿನಿಕ್ಕಿನಲ್ಲಿ ಕಟ್ಟುಹಲ್ಲು ತಯಾರಿಸುವ ಕೆಲಸ ಅವಳದು. ಮೂವತ್ತೊಂದು ತುಂಬಿದರೂ ಅಣ್ಣನ ಬಾಯಲ್ಲಿ ಇನ್ನೂ ಪುಟ್ಟಿಯೇ.

ಹನ್ನೊಂದು ವರ್ಷ ಅವನು ನುಡಿಸಿದ್ದು ಗೆಳೆಯನೊಬ್ಬ ಬಿಟ್ಟುಹೋಗಿದ್ದ ಗಿಟಾರನ್ನು. ಆ ಗೆಳೆಯ ಮೊನ್ನೆ ಬಂದು ತನ್ನ ವಸ್ತು ತೆಗೆದುಕೊಂಡು ಹೋದ. ಅವನನ್ನು ಬೈಯುವುದಾದರೂ ಹೇಗೆ? ಅದಕ್ಕೇ ಗುಂಯಣ್ಣ ಕಳೆದ ಭಾನುವಾರ ಒಬ್ಬನೇ ಅಂಗಡಿಗೆ ಹೋಗಿ, ತೀರಾ ಅಗ್ಗವೂ ಅಲ್ಲದ, ಕೈ ಸುಡುವಷ್ಟು ದುಬಾರಿಯೂ ಅಲ್ಲದ ಕಪ್ಪು ಗಿಟಾರೊಂದನ್ನು ಆರಿಸಿ ತಂದ. ಮುಖ ನೋಡಿಕೊಳ್ಳುವಷ್ಟು ಮಿರಿಮಿರಿ ಮಿಂಚುತ್ತಿತ್ತು. ಅಂಗಡಿಯ ಆಳೆತ್ತರದ ಸ್ಪೀಕರಿನಲ್ಲಿ ಒಂದು ಸಲ ಮೀಟಿದ್ದಕ್ಕೇ ಹೊಟ್ಟೆಯೊಳಗೆ ನಡುಕ ಹುಟ್ಟಿತ್ತು. ಮದುವೆ ಗಂಡಿನ ಹಾಗೆ ಬೀಗಿಕೊಂಡು ಹೊತ್ತು ತಂದಿದ್ದ.

ಬುಧವಾರ ಗೋಡೌನಿನಲ್ಲಿ ಅದನ್ನು ನುಡಿಸಲು ಶುರುಮಾಡಿ ಎರಡು ನಿಮಿಷ ಆಗಿರಲಿಲ್ಲ, ಟೈರ್ ಮಾಮ ಕೋಲು ಕೆಳಗಿಟ್ಟ.

"ಗುಂಯಣ್ಣ, ಅದರೊಳಗೆ ಜೀರುಂಡೆ ಸೇರ್ಕೊಂಡಿದ್ಯೇನೋ? ಝೀಂಯ್ ಅಂತಿದೆ."

"ತಂತಿ ಎಲ್ಲೋ ತಾಗ್ತಿದೆ ಸಾರ್," ಎಂದರು ಮೇಷ್ಟ್ರು.

"ನಿಮ್ಮ ಗೋಡೌನಿನ ಕರೆಂಟೇ ಸರಿ ಇಲ್ಲ!" ಎಂದು ಗುಂಯಣ್ಣ ರೇಗಿಬಿಟ್ಟ. ರೇಗಿದ್ದು ಕೋಪಕ್ಕಲ್ಲ, ಭಯಕ್ಕೆ. ಯಾಕೆಂದರೆ ಅವನಿಗೆ ಯಾವ ಝೀಂಯೂ ಕೇಳಿರಲಿಲ್ಲ.

ವಿಷಯ ಇಷ್ಟೇ. ಇಪ್ಪತ್ತೆರಡು ವರ್ಷ ನಾಲ್ಕು ಬಣ್ಣದ ದೊಡ್ಡ ಮುದ್ರಣ ಯಂತ್ರದ ಪಕ್ಕದಲ್ಲಿ ನಿಂತ ಕಿವಿ ಅವನದು. ಕಿವಿಗಿಟ್ಟುಕೊಳ್ಳಿ ಅಂತ ಕಂಪನಿಯವರು ಕೊಟ್ಟ ಹಳದಿ ಬಿರಡೆಗಳು ಮೊಳೆಯಲ್ಲಿ ನೇತಾಡುತ್ತಲೇ ಧೂಳು ಹಿಡಿದವು. ಒಂದೂವರೆ ವರ್ಷದ ಹಿಂದೆ ಪರೀಕ್ಷೆ ಮಾಡಿದ ಡಾಕ್ಟರು ಒಂದು ಕಾಗದ ಕೊಟ್ಟರು. ಅದರಲ್ಲಿದ್ದ ಗೆರೆ ಎಡಗಡೆ ನೆಟ್ಟಗಿದ್ದು ಬಲಗಡೆ ಬರುತ್ತಾ ಬಾವಿಗೆ ಬಿದ್ದಂತೆ ಇಳಿದಿತ್ತು. ತಗ್ಗಿನ ಸದ್ದುಗಳು ಚೆನ್ನಾಗಿ ಕೇಳುತ್ತವೆ, ಸಣ್ಣ, ಚೂಪು ಸದ್ದುಗಳು ಕೇಳುವುದಿಲ್ಲ, ಮಾತಿನ ಅಕ್ಷರಗಳೇ ಎಷ್ಟೋ ಸಲ ಕೈ ತಪ್ಪುತ್ತವೆ ಎಂದರು. ಅವನು ಕಾಗದವನ್ನು ನಾಲ್ಕು ಮಡಿಕೆ ಮಡಚಿ ಊಟದ ಚೀಲದ ತಳಕ್ಕೆ ತುರುಕಿದ. ಯಾರಿಗೂ ಹೇಳಲಿಲ್ಲ. ಹೇಳಿದರೆ ಬ್ಯಾಂಡಿನವರು, "ಪಾಪ, ಕಿವುಡ, ಇನ್ನೊಬ್ಬನನ್ನು ನೋಡೋಣ," ಎಂದುಬಿಟ್ಟರೆ? ಟೈರ್ ಮಾಮ ಆಗಲೇ ಯಾವನೋ ಕಾಲೇಜು ಹುಡುಗನನ್ನು ಎರಡು ಸಲ ಹೊಗಳಿದ್ದ. ವಾರದಲ್ಲಿ ಆರು ದಿನ ಯಂತ್ರಕ್ಕೆ ಕಾಗದ ಉಣಿಸುವ ಗುಂಯಣ್ಣನಿಗೆ ಬದುಕಿದ್ದೇನೆ ಅನ್ನಿಸುವುದು ಆ ಗೋಡೌನಿನ ಎರಡು ಗಂಟೆಯಲ್ಲಿ ಮಾತ್ರ. ಅದೂ ಹೋದರೆ ಉಳಿಯುವುದೇನು?

ಈಗ ಒಟ್ಟಿಗೇ ಎರಡು ಇಕ್ಕಟ್ಟು. ಏಳು ದಿನದೊಳಗೆ ತಂದರೆ ಬದಲಾಯಿಸಿ ಕೊಡುತ್ತೇವೆ ಎಂದು ಬಿಲ್ಲಿನಲ್ಲಿ ಬರೆದಿತ್ತು, ಇವತ್ತಿಗೆ ಏಳು, ಅಂಗಡಿ ಮುಚ್ಚುವುದು ಆರಕ್ಕೆ. ನಾಳೆ ಹತ್ತು ಗಂಟೆಗೆ ಹೋಟೆಲೊಂದರ ಹಾಲಿನಲ್ಲಿ ಬ್ಯಾಂಡಿನ ಟ್ರಯಲ್, ಗೆದ್ದರೆ ಪ್ರತಿ ಶನಿವಾರ ಅಲ್ಲೇ ಕಾರ್ಯಕ್ರಮ. ಇವೆರಡೂ ಸಾಲದು ಎಂಬಂತೆ, "ಈ ಸಲ ಅಂಗಡಿಗೆ ನಾನೂ ಬರ್ತೀನಿ," ಎಂದು ಪುಟ್ಟಿ ಪಟ್ಟು ಹಿಡಿದಿದ್ದಳು.

ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅವನು ಕೂರಲಿಲ್ಲ. ಎರಡು ಸ್ಟಾಪು ಮೊದಲೇ ಇಳಿದು, ಬಸ್ಸಿಗಿಂತ ತಾನೇ ಬೇಗ ಹೋಗುತ್ತೇನೆಂದು ಬಿರಬಿರನೆ ನಡೆದ. ಅದೇ ಬಸ್ಸು ಅವನ ಪಕ್ಕದಲ್ಲೇ ದಾಟಿ ಹೋಯಿತು.

ಅವನು ತಲುಪುವ ಹೊತ್ತಿಗೆ ಪುಟ್ಟಿ ಅಂಗಡಿಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ನಾಲ್ಕು ತಿಂಗಳಿಂದ ಅವಳು ಅಣ್ಣನ ಹತ್ತಿರ ಬೇಕಾದ್ದಕ್ಕಿಂತ ಒಂದು ಮಾತೂ ಹೆಚ್ಚು ಆಡುತ್ತಿರಲಿಲ್ಲ. ಯಾಕೆಂದು ಅವನಿಗೂ ತಿಳಿದಿರಲಿಲ್ಲ. ಕೇಳಿದರೆ, "ಏನಿಲ್ಲ ಬಿಡೋ," ಎನ್ನುತ್ತಿದ್ದಳು.

ಅಂಗಡಿಯ ಯಜಮಾನಿ ಐವತ್ತು ದಾಟಿದ ಹೆಂಗಸು, ಬೆಸುಗೆ ಹಾಕುವ ಕಡ್ಡಿ ಪಕ್ಕಕ್ಕಿಟ್ಟು ಕನ್ನಡಕ ಮೇಲೇರಿಸಿಕೊಂಡರು. ಕಪ್ಪು ಗಿಟಾರನ್ನು ತೊಡೆಯ ಮೇಲಿಟ್ಟು ಒಂದೇ ಒಂದು ತಂತಿ ಮೀಟಿದರು.

"ಅಯ್ಯೋ ರಾಮ! ಏಳನೇ ಫ್ರೆಟ್ಟೇ ಎದ್ದು ಕೂತಿದೆ." ಗಿಟಾರಿನ ಕತ್ತಿನಲ್ಲಿ ಸಾಲಾಗಿ ಕೂರಿಸಿದ ಲೋಹದ ಕಡ್ಡಿಗಳಲ್ಲಿ ಒಂದನ್ನು ಉಗುರಿನಿಂದ ಮುಟ್ಟಿ ತೋರಿಸಿದರು. "ನಾವು ನೋಡದೆ ಕೊಟ್ಟಿದ್ದು ನಮ್ಮ ತಪ್ಪೇ, ಇಲ್ಲ ಅನ್ನಲ್ಲ. ಆದ್ರೆ ಸಾರ್, ನುಡಿಸಿ ನೋಡಿ ತಾನೇ ತಗೊಂಡ್ರಿ? ಇಷ್ಟು ಜೋರಾಗಿ ಕಿರುಗುಟ್ತಿದೆ, ಕೇಳಿಸ್ಲಿಲ್ವಾ?"

ಗುಂಯಣ್ಣ ಮುಖ ತಪ್ಪಿಸಿ ಬಿಲ್ಲನ್ನು ಮೇಜಿನ ಮೇಲಿಟ್ಟ. "ಆವತ್ತು ಸ್ವಲ್ಪ ಅವಸರದಲ್ಲಿದ್ದೆ," ಎಂದ. ಪುಟ್ಟಿ ಅವನ ಮುಖವನ್ನೇ ನೋಡುತ್ತಿದ್ದಳು.

ಅದೇ ಬೆಲೆಗೆ ಯಜಮಾನಿ ಮೂರು ಗಿಟಾರ್ ಇಳಿಸಿದರು. ಬಿಳಿಯದೊಂದು, ಐದು ತಂತಿಯದು, ಒಳಗೆ ಬ್ಯಾಟರಿ ಬೇರೆ. ಕೆಂಪಿನದೊಂದು, ಮಗುವಿನಷ್ಟು ಹಗುರ. ಮೂರನೆಯದು ಕಂದು ಬಣ್ಣದ್ದು, ಯಾರೋ ವರ್ಷಗಟ್ಟಲೆ ನುಡಿಸಿ ಮಾರಿದ್ದು, ಮೈತುಂಬ ಗೀರು.

ಗುಂಯಣ್ಣ ಒಂದೊಂದನ್ನೇ ಸ್ಪೀಕರಿಗೆ ಸಿಕ್ಕಿಸಿ ನುಡಿಸಿದ. ಗುಂಯ್, ಗುಂಯ್, ಗುಂಯ್. ಮೂರೂ ಬಂಗಾರ! ಮೂರೂ ಸಾಕ್ಷಾತ್ ಆ ಕಪ್ಪು ಗಿಟಾರಿನಂತೆಯೇ ಕೇಳಿದವು. ಇಂಥ ಹೊತ್ತಿನಲ್ಲಿ ಅವನಿಗೆ ಒಂದು ಉಪಾಯವಿತ್ತು: ಪಕ್ಕದವರ ಮುಖ ನೋಡುವುದು. ಅವರು ಹುಬ್ಬು ಗಂಟಿಕ್ಕಿದರೆ ಏನೋ ಕೆಟ್ಟದ್ದು ಕೇಳಿದೆಯೆಂದು ಲೆಕ್ಕ. ಪುಟ್ಟಿಯ ಕಡೆ ಕಣ್ಣು ಹಾಯಿಸಿದ. ಅವಳು ಬೇಕೆಂದೇ ಬೆನ್ನು ತಿರುಗಿಸಿ ನಿಂತಿದ್ದಳು.

"ಪುಟ್ಟಿ, ಯಾವುದು ಅನ್ಸುತ್ತೆ?"

ಅವಳು ಪೂರಾ ತಿರುಗಿ, ತುಟಿ ಕಾಣುವ ಹಾಗೆ ಹೇಳಿದಳು, "ನುಡಿಸೋನು ನೀನು. ನೀನೇ ಹೇಳು." ಮತ್ತೆ ಬೆನ್ನು.

ಗೋಡೆಯ ಗಡಿಯಾರದಲ್ಲಿ ಐದೂಕಾಲು. ಗುಂಯಣ್ಣ ಕೆಂಪನ್ನು ಕೆಳಗಿಟ್ಟು ಬಿಳಿಯದನ್ನು ಎತ್ತಿಕೊಂಡ, ಅದನ್ನಿಟ್ಟು ಮತ್ತೆ ಕೆಂಪು. ಕೂತ, ಎದ್ದ, ನೀರು ಕೇಳಿ ಕುಡಿದ. ಕಣ್ಣು ಮುಚ್ಚಿ ಯಾವುದಾದರೊಂದನ್ನು ಹೊತ್ತುಕೊಂಡು ಹೋಗಿಬಿಡಲೇ ಎಂದೂ ಅನ್ನಿಸಿತು. ಹೋದರೆ ನಾಳೆ ಹೋಟೆಲಿನ ಹಾಲಿನಲ್ಲಿ ಜೀರುಂಡೆ ಹಾಡುತ್ತದೆ, ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಕೇಳುತ್ತದೆ.

ಆಗ ನೆನಪಾದದ್ದು ಪ್ರೆಸ್ಸಿನ ಅಭ್ಯಾಸ. ಆ ಗದ್ದಲದಲ್ಲಿ ಕಿವಿಯನ್ನು ನಂಬಿ ಯಾರೂ ಕೆಲಸ ಮಾಡುವುದಿಲ್ಲ. ಬೇರಿಂಗು ಸವೆದಿದೆಯೋ ಎಂದು ತಿಳಿಯಲು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಒತ್ತಿ ಹಿಡಿಯನ್ನು ದವಡೆಗೆ ಆನಿಸುತ್ತಾರೆ. ಕೆಟ್ಟ ಬೇರಿಂಗಾದರೆ ಮೂಳೆಯಲ್ಲಿ ಮರಳು ಅರೆದಂತಾಗುತ್ತದೆ. ಇಡೀ ಪ್ರೆಸ್ಸಿನಲ್ಲಿ ಆ ಕೆಲಸಕ್ಕೆ ಕರೆಯುವುದು ಇವನನ್ನೇ.

"ಮೇಡಂ, ಸ್ಪೀಕರ್ ಆಫ್ ಮಾಡಿ," ಎಂದ.

ಕೆಂಪು ಗಿಟಾರನ್ನು ಎದೆಗವಚಿಕೊಂಡು, ಬೆನ್ನು ಬಗ್ಗಿಸಿ, ಅದರ ಮೇಲಂಚಿಗೆ ದವಡೆ ಒತ್ತಿದ. ಒಂದೊಂದು ಫ್ರೆಟ್ಟಿನಲ್ಲೂ ತಂತಿ ಒತ್ತಿ ಮೀಟುತ್ತಾ ಬಂದ. ಯಜಮಾನಿ ಈ ಮನುಷ್ಯನಿಗೇನಾಯಿತು ಎಂಬಂತೆ ನೋಡಿದರು. ಒಂಬತ್ತನೆಯದರಲ್ಲಿ ಮೂಳೆಗೆ ಒಂದು ನಡುಕದ ಬೆನ್ನಿಗೇ ಇನ್ನೊಂದು ಸಣ್ಣ ನಡುಕ ತಗುಲಿತು, ಅರೆದ ಮರಳು.

"ಇಲ್ಲಿ."

ಯಜಮಾನಿ ಇಸಿದುಕೊಂಡು, ಕಿವಿ ಹತ್ತಿರ ತಂದು ಮೀಟಿದರು. "ಅರೆ, ಹೌದಲ್ಲ! ನನಗೇ ಗೊತ್ತಾಗಿರ್ಲಿಲ್ಲ."

ಗುಂಯಣ್ಣನಿಗೆ ಹೋದ ಜೀವ ಬಂದಂತಾಯಿತು. ಬಿಳಿಯದರ ಕತ್ತು ಚೊಕ್ಕವಾಗಿತ್ತು, ಆದರೆ ಹೆಗಲಿಗೆ ಪಟ್ಟಿ ಹಾಕಿ ನಿಂತು ಕೈ ಬಿಟ್ಟರೆ ಗಿಟಾರಿನ ತಲೆ ನೆಲಕ್ಕೆ ಜೋಲುತ್ತಿತ್ತು. ಎಡಗೈ ತಲೆ ಎತ್ತಿ ಹಿಡಿಯುವುದೋ, ನುಡಿಸುವುದೋ? ಅದನ್ನೂ ಪಕ್ಕಕ್ಕಿಟ್ಟ. ಉಳಿದದ್ದು ಗೀರುಬಿದ್ದ ಕಂದು. ಎಂಬತ್ತು ಜಾಗದಲ್ಲಿ ಮೀಟಿದ, ಎಂಬತ್ತರಲ್ಲೂ ಒಂದೇ ನಡುಕ, ಶುದ್ಧ. ಕೈ ಬಿಟ್ಟರೆ ಇದ್ದಲ್ಲೇ ನಿಂತಿತು. ಹಳಬರ ಬೆರಳು ಸವೆಸಿದ ಕತ್ತು ಅಂಗೈಗೆ ಸರಿಯಾಗಿ ಕೂತಿತು.

"ಇದೇ," ಎನ್ನಬೇಕೆಂದಿದ್ದ. ಅಷ್ಟರಲ್ಲಿ ಯಜಮಾನಿ, "ಹಳೇದು ಸಾರ್, ಒಳಗಿನ ವೈರಿಂಗು ಏನಾಗಿದ್ಯೋ. ದನಿ ಪೂರ್ತಿ ಏರಿಸಿ ಕೇಳ್ಬಿಡಿ, ಕೆಲವು ಸುಯ್ ಅಂತ ಸದ್ದು ಮಾಡ್ತವೆ," ಎಂದು ಸ್ಪೀಕರ್ ಹಚ್ಚಿದರು.

ಅವನು ದನಿ ಏರಿಸಿದ. ತಂತಿಗಳನ್ನು ಅಂಗೈಯಿಂದ ಒತ್ತಿ ಹಿಡಿದ. ನಿಶ್ಶಬ್ದ. ಇದು ನಿಜವಾದ ನಿಶ್ಶಬ್ದವೋ, ತನ್ನೊಬ್ಬನ ನಿಶ್ಶಬ್ದವೋ? ದವಡೆ ಇಟ್ಟ. ದವಡೆಗೆ ಏನೂ ತಿಳಿಯಲಿಲ್ಲ. ಕರೆಂಟಿನ ಸುಯ್ಯೆನ್ನುವ ಸದ್ದು ಮರದಲ್ಲಿ ಇರುವುದಿಲ್ಲ. ಅದಕ್ಕೆ ಕಿವಿಯೇ ಬೇಕು.

ಐದೂ ಮುಕ್ಕಾಲು.

"ಪುಟ್ಟಿ," ಎಂದ. "ಇದು ಸುಯ್ ಅಂತಿದ್ಯಾ ಕೇಳಿ ಹೇಳೇ. ನನಗೆ ಕೇಳ್ಸಲ್ಲ."

ಅವಳು ತಿರುಗಿದಳು. ಬಂದು ಸ್ಪೀಕರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಟ್ಟೆಯ ಜಾಲರಿಗೆ ಕಿವಿಯಿಟ್ಟು, ಬಹಳ ಹೊತ್ತು ಕೇಳಿದಳು.

"ಇಲ್ಲ. ಶುದ್ಧವಾಗಿದೆ. ಇದನ್ನೇ ತಗೋ." ಎದ್ದು ಮೊಣಕಾಲು ಝಾಡಿಸಿದಳು. "ಯಾವಾಗಿಂದ?"

"ಒಂದೂವರೆ ವರ್ಷ. ಬುಧವಾರವೇ ನಿನಗೆ ಗೊತ್ತಾಯ್ತಾ?"

"ಅನುಮಾನ ಬಂತು. ನಿನ್ನ ಬಾಯಿಂದಾನೇ ಬರ್ಲಿ ಅಂತ ಬೆನ್ನು ತಿರುಗಿಸ್ದೆ." ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ಹಾಗಿದ್ರೆ ನನ್ನ ಹಾಡುಗಳು?"

"ರಾಗ ಚೆನ್ನಾಗಿ ಕೇಳುತ್ತೆ ಕಣೇ. ಪದಗಳು ಸಿಗಲ್ಲ. ನೀನು ಬೇರೆ ಮೈಕ್ ಬಾಯಿಗೆ ಅಡ್ಡ ಹಿಡೀತೀಯ."

"ಆದ್ರೂ ಚೆನ್ನಾಗಿದೆ, ಚೆನ್ನಾಗಿದೆ ಅಂತಿದ್ದೆ!"

"ಇನ್ನೇನ್ ಹೇಳ್ಲಿ? ಹೇಳಿದ್ರೆ ಬ್ಯಾಂಡಿಂದ ತೆಗೀತೀರಿ ಅಂತ ಭಯ ನನಗೆ."

"ತೆಗೀತೀವಾ? ನಿನ್ನನ್ನಾ? ಬುದ್ಧಿ ಇದ್ಯಾ ನಿಂಗೆ?" ಎಂದವಳು ಥಟ್ಟನೆ ಹಣೆಗೆ ಕೈ ಹಚ್ಚಿದಳು. "ಅಯ್ಯೋ... ಆ ಏಣಿ ಹಾಡು. ಮೊದಲ್ನೇ ಸಲ ಹಾಡಿದಾಗ ನೀನೇನಂದೆ, ಜ್ಞಾಪಕ ಇದ್ಯಾ?"

ಅವನಿಗೆ ಜ್ಞಾಪಕವಿತ್ತು. ರಾಗ ಕೇಳಿ ಪ್ರೇಮಗೀತೆಯೇ ಇರಬೇಕೆಂದುಕೊಂಡು, ಎಲ್ಲರೆದುರು ಕಣ್ಣು ಮಿಟುಕಿಸಿ, "ಯಾರೇ ಆ ಪುಣ್ಯಾತ್ಮ? ಮನೆಗೆ ಕರ್ಕೊಂಡು ಬಾ," ಎಂದಿದ್ದ. ಅವಳ ಮಾತು ಕಡಿಮೆಯಾದದ್ದು ಅವತ್ತಿನಿಂದಲೇ ಎಂದು ಈಗ ಹೊಳೆಯಿತು.

ಪುಟ್ಟಿ ಮೇಜಿನ ಮೇಲಿದ್ದ ಹಳೆಯ ಬಿಲ್ಲನ್ನು ಮಗುಚಿ, ಯಜಮಾನಿಯ ಪೆನ್ನು ಕಿತ್ತುಕೊಂಡಂತೆ ತೆಗೆದುಕೊಂಡು, ಸರಸರ ಬರೆದು ಅವನ ಮುಂದೆ ನೂಕಿದಳು. ಗುಂಯಣ್ಣ ಓದಿದ.

ಏಣಿ ಹಿಡಿದವನು ಮೇಲೆ ಹತ್ತಲಿಲ್ಲ
ನಾನು ಹತ್ತಿದೆ, ಅವನು ಕೆಳಗೇ ನಿಂತ
ಮೇಲಿಂದ ಏನು ಕಾಣುತ್ತದೆ ಅಂತ
ಒಂದು ದಿನವೂ ಅಣ್ಣ ಕೇಳಲಿಲ್ಲ

ಅಪ್ಪ ತೀರಿಕೊಂಡಾಗ ಅವಳಿಗೆ ಒಂಬತ್ತು, ಅವನಿಗೆ ಇಪ್ಪತ್ತು. ಕಾಲೇಜು ಬಿಟ್ಟು ಪ್ರೆಸ್ಸಿಗೆ ಸೇರಿದ್ದ. ಅವಳು ಓದಿದಳು. ಆ ಮಾತನ್ನು ಇಬ್ಬರೂ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಎತ್ತಿರಲಿಲ್ಲ. ಅಲ್ಲ, ಅವಳು ಎತ್ತಿದ್ದಳು, ಮೈಕಿನಲ್ಲಿ, ಅವನು ಪಕ್ಕದಲ್ಲೇ ನಿಂತು ಗುಂಯ್ ಗುಂಯ್ ನುಡಿಸುತ್ತಿದ್ದಾಗ. ಅವನು ನಾಲ್ಕು ಸಾಲನ್ನೂ ಇನ್ನೊಮ್ಮೆ ಓದಿದ. ಕಣ್ಣು ಮಂಜಾಗಿ ಮೂರನೇ ಸಲ ಓದಲಾಗಲಿಲ್ಲ.

"ನಾಳೆ ಟ್ರಯಲ್‌ಗೆ ಮುಂಚೆ ಟೈರ್ ಮಾಮನಿಗೆ ನಾನೇ ಹೇಳ್ತೀನಿ," ಎಂದ.

"ಹೇಳು. ನಾನೂ ಮೈಕ್ ಕೆಳಗೆ ಹಿಡೀತೀನಿ, ನಿನ್ನ ಕಡೆ ತಿರುಗೇ ಹಾಡ್ತೀನಿ. ಹೋಟೆಲಿನವರು ನನ್ನ ಕೆನ್ನೆ ನೋಡ್ಕೊಂಡಿರ್ಲಿ."

ಯಜಮಾನಿ ಮೂಗು ಒರೆಸಿಕೊಳ್ಳುತ್ತಾ ಕಂದು ಗಿಟಾರಿಗೆ ಚೀಲ ತೊಡಿಸಿದರು. ಆರು ಹೊಡೆಯಿತು. ಶೆಟರ್ ಅರ್ಧ ಇಳಿದಿತ್ತು. ತಂಗಿ ಮೊದಲು ಬಗ್ಗಿ ಹೊರಗೆ ಹೋದಳು, ಮೆಟ್ಟಿಲ ಮೇಲೆ ನಿಂತು ಚೀಲ ಇಸಿದುಕೊಳ್ಳಲು ಕೈ ಚಾಚಿದಳು. ಗುಂಯಣ್ಣ ಬಗ್ಗಿ ಹೊರಬಂದವನು ಎರಡು ಮೆಟ್ಟಿಲು ಇಳಿದು, ಕೆಳಗೆ ನಿಂತು, ತಲೆಯೆತ್ತಿ ಅವಳ ತುಟಿಗಳನ್ನೇ ನೋಡಿದ.

"ಪುಟ್ಟಿ, ಮೇಲಿಂದ ಏನು ಕಾಣುತ್ತೆ?"

ಅವಳು ಅಳುತ್ತಲೇ ನಕ್ಕಳು. ಪ್ರತಿ ಅಕ್ಷರವನ್ನೂ ಬಿಡಿಬಿಡಿಯಾಗಿ, ಅವನಿಗೆ ಕಾಣುವ ಹಾಗೆ ಹೇಳಿದಳು.

"ನಿನ್ನ ಬೊಕ್ಕತಲೆ ಕಣೋ, ಅಣ್ಣ."