ಡ್ರ್ಯಾಗನ್ನಿನ ಬೆನ್ನಿಗೆ ಕುಂಕುಮ

“ಈ ಸಲವೂ ಸೋತು ಬಾ, ನಿನ್ನ ಆ ಇಸ್ಪೀಟು ಕಟ್ಟು ಬಚ್ಚಲ ಒಲೆಗೆ” ಎಂದು ನನ್ನ ಮಗ ಈರ ಹೇಳಿದಾಗ ಮೊಮ್ಮಗಳು ಸುಚಿತಾ ಬಾಯಿಯಲ್ಲಿದ್ದ ಗಂಜಿ ನುಂಗುವುದನ್ನೇ ಮರೆತಳು.

“ಇಸ್ಪೀಟಲ್ಲ ಅಪ್ಪ ಅದು.”

“ಎಲೆ ಕಲಸ್ತ್ರಿ, ಎಲೆ ಎಳೀತ್ರಿ, ಸೋತು ಮನೆಗೆ ಬರ್ತ್ರಿ. ಇಸ್ಪೀಟಲ್ದೆ ಮತ್ತೆಂತ, ಸತ್ಯನಾರಾಯಣ ಪೂಜೆಯ?”

ಅವನು ದೋಣಿಯ ಕೆಲಸಕ್ಕೆ ಎದ್ದು ಹೋದ. ಈರ ಹೇಳಿದ್ದನ್ನು ಮಾಡುವವನೇ. ಅದು ನನಗೂ ಗೊತ್ತು, ಅವಳಿಗೂ ಗೊತ್ತು.

ಸುಚಿತಾ ಹೊನ್ನಾವರದ ಕಾಲೇಜಿನಲ್ಲಿ ಪಿಯುಸಿ ಓದುವವಳು. ಅವಳ ಆಟದ ಎಲೆಗಳಲ್ಲಿ ರಾಜ, ರಾಣಿ, ಆಟೀನು ಇಲ್ಲ. ರಾಕ್ಷಸರು, ಕುಳ್ಳರು, ಮಂತ್ರವಾದಿಗಳು, ರೆಕ್ಕೆಯ ಹುಲಿಗಳು. ಆಡುವವರು ಪ್ರತಿಯೊಬ್ಬರೂ ತಮ್ಮದೇ ಕಟ್ಟು ಕಟ್ಟಿಕೊಂಡು ಬರಬೇಕು. ಅದಕ್ಕೆ ಡೆಕ್ ಎನ್ನುತ್ತಾರೆ. ಕಲಸಿ ಕವುಚಿಟ್ಟು ಮೇಲಿನಿಂದ ಒಂದೊಂದೇ ಎಲೆ ಎಳೆದು ಕಾದಾಡಬೇಕು.

ಮುಂದಿನ ಸ್ಪರ್ಧೆಗಾಗಿ ಆ ವಾರವೆಲ್ಲ ಅವಳು ಚಾಪೆಯ ಮೇಲೆ ಎಲೆ ಹರಡಿಕೊಂಡು ಡೆಕ್ ತಿದ್ದಿದಳು. ನಾನು ಪಕ್ಕದಲ್ಲಿ ಕುಳಿತು ಸಿಗಡಿ ಸುಲಿಯುತ್ತಿದ್ದೆ.

“ಎಂತಕೆ ಸೋಲ್ತೆ ಗೊತ್ತಾತು ಅಜ್ಜಿ. ನನ್ನ ಡೆಕ್ಕಿನಲ್ಲಿ ಎಲ್ಲಾ ದೊಡ್ಡ ದೊಡ್ಡ ರಾಕ್ಷಸರೇ. ಅವ್ರನ್ನ ಇಳಿಸೂಕೆ ಶಕ್ತಿ ಒಟ್ಟಾಗ್ಬೇಕು. ಅಷ್ಟ್ರೊಳಗೆ ಎದುರಿನವ್ರ ಕುಳ್ಳರು ಬಂದು ನನ್ನ ಕೋಟೆ ಒಡ್ದು ಹಾಕ್ತ್ರು.”

“ಹಂಗಾರೆ ನೀನೂ ಕುಳ್ಳರನ್ನ ಕರಿ.”

“ಅದೇ ಮಾಡ್ತೆ.”

ರಾಕ್ಷಸರನ್ನೆಲ್ಲ ತೆಗೆದು ಗೆಳತಿಯರಿಗೆ ಕೊಟ್ಟು ಬದಲಿಗೆ ಕುಳ್ಳರನ್ನು ತಂದಳು. ಕೊನೆಗೆ ಭಟ್ಕಳದ ಒಬ್ಬ ಹುಡುಗಿ ಒಂದು ನೀಲಿ ಡ್ರ್ಯಾಗನ್ ಕೊಟ್ಟಳು. ಬೆಂಕಿ ಉಗುಳುವ, ರೆಕ್ಕೆಯಿರುವ ಹಾವು. ಕುಳ್ಳರು ಕೋಟೆ ಕಾಯಬೇಕು, ಡ್ರ್ಯಾಗನ್ ಬಂದು ಆಟ ಮುಗಿಸಬೇಕು, ಇಡೀ ಡೆಕ್ ಅದಕ್ಕಾಗಿಯೇ ಕಟ್ಟಿದ್ದು ಎಂದಳು. ಎಲ್ಲ ಎಲೆಗಳಿಗೂ ಹೊಸ ಪ್ಲಾಸ್ಟಿಕ್ ಕವರು ತೊಡಿಸಿದಳು. ಕವರಿನ ಹಿಂಭಾಗ ಬೆಳ್ಳಗೆ, ಎಲ್ಲವೂ ಒಂದೇ ಥರ.

ನಮ್ಮ ಮನೆಯಲ್ಲಿ ಹೊಸತು ಏನು ಬಂದರೂ ದೇವರ ಮುಂದಿಟ್ಟು ಒಂದು ಕುಂಕುಮದ ಬೊಟ್ಟು ಇಡದೆ ಬಳಸುವುದಿಲ್ಲ. ಬಲೆಗೂ ಇಟ್ಟಿದ್ದೇವೆ, ದೋಣಿಯ ಇಂಜಿನ್ನಿಗೂ ಇಟ್ಟಿದ್ದೇವೆ, ಮಿಕ್ಸರಿಗೂ ಇಟ್ಟಿದ್ದೇವೆ. ಹಾಗೆ ಬೊಟ್ಟು ಇಟ್ಟ ವಸ್ತು ಹಳೆಯದಾದರೆ ಹೊಳೆಗೆ ಬಿಡುತ್ತೇವೆಯೇ ಹೊರತು ಬೆಂಕಿಗೆ ಹಾಕುವುದಿಲ್ಲ. ಸ್ಪರ್ಧೆಯ ದಿನ ಬೆಳಿಗ್ಗೆ ಸುಚಿತಾ ಮೀಯಲು ಹೋದಾಗ ನಾನು ಡ್ರ್ಯಾಗನ್ ಎಲೆಯನ್ನು ಹುಡುಕಿ ತೆಗೆದು ದೇವರ ಮುಂದಿಟ್ಟೆ. ಚಿತ್ರ ಕೆಡಬಾರದಲ್ಲ? ಅದಕ್ಕೇ ಹಿಂಭಾಗದ ಮೂಲೆಯಲ್ಲಿ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಅಕ್ಕಿಕಾಳಿನಷ್ಟು ಹಚ್ಚಿದೆ. ಅವಳಿಗೆ ಹೇಳಲಿಲ್ಲ. ಹೇಳಿದರೆ ನಗುತ್ತಾಳೆ.

ಕುಮಟೆಯಲ್ಲಿ ಪುಸ್ತಕದಂಗಡಿಯೊಂದರ ಮೇಲಿನ ಹಾಲಿನಲ್ಲಿ ಸ್ಪರ್ಧೆ. ಜೊತೆಗೆ ನಾನೂ ಹೋದೆ. ಸುಚಿತಾ ಒಂದರ ಮೇಲೊಂದು ಆಟ ಗೆದ್ದಳು. ಹೊಸ ಡೆಕ್ ನೀರು ಕುಡಿದಷ್ಟು ಸಲೀಸಾಗಿ ನಡೆಯಿತು. ಪ್ರತಿ ಸಲ ಡ್ರ್ಯಾಗನ್ ಇಳಿದಾಗಲೂ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಕೊನೆಯ ಆಟಕ್ಕೆ ಎದುರು ಕುಳಿತವನು ಹೊಳನಗದ್ದೆಯ ವಿನೋದ ಎಂಬ ಹುಡುಗ.

ಅರ್ಧ ಆಟವಾಗಿತ್ತು. ವಿನೋದ ಇದ್ದಕ್ಕಿದ್ದಂತೆ ಕೈ ಎತ್ತಿದ.

“ಸರ್, ಇವಳ ಎಲೆಗೆ ಗುರುತು ಇದೆ.”

ತೀರ್ಪುಗಾರ ಗುರುದತ್ತ ಮಾಸ್ತರರು ಬಂದು ಎಲೆಗಳನ್ನೆಲ್ಲ ಕವುಚಿ ಹರಡಿದರು. ಅಷ್ಟೂ ಬಿಳಿಯ ನಡುವೆ ಒಂದೇ ಒಂದು ಕೆಂಪು ಚುಕ್ಕಿ. ತಿರುಗಿಸಿದರು. ನೀಲಿ ಡ್ರ್ಯಾಗನ್.

“ಮುಂದಿನ ಎಲೆ ಯಾವುದೆಂದು ಯಾರಿಗೂ ತಿಳೀಬಾರ್ದು” ಎಂದರು ಮಾಸ್ತರರು. “ಇದಕ್ಕೆ ಮೋಸ ಅಂತಾರೆ, ತಂಗಿ.”

ಮೋಸ! ಒಳ್ಳೆಯದಾಗಲಿ ಎಂದು ಇಟ್ಟ ಬೊಟ್ಟು! ಹೇಗೆ ಎದ್ದೆನೋ, ಹೇಗೆ ಜನರ ನಡುವೆ ನುಗ್ಗಿದೆನೋ.

“ಅದು ನಾನು ಇಟ್ಟದ್ದು ಮಾಸ್ತರ್ರೆ! ಕುಂಕುಮ ಅದು. ದೇವರ ಮುಂದೆ ಇಟ್ಟಿದ್ದೆ. ಮಗುವಿಗೆ ಎಂತದೂ ಗೊತ್ತಿಲ್ಲ. ದೇವರಾಣೆ!”

ಮಾಸ್ತರರು ಚುಕ್ಕಿಯನ್ನು ಬೆರಳಿನಿಂದ ಉಜ್ಜಿ ಮೂಸಿ ನೋಡಿದರು. ಯಾರೋ ಕಿಸಕ್ಕೆಂದರು. ವಿನೋದನೇ ನಕ್ಕುಬಿಟ್ಟ.

“ಡ್ರ್ಯಾಗನ್ನಿಗೆ ಕುಂಕುಮವ, ಅಜ್ಜಿ? ಆತು ಸರ್, ಕವರು ಬದಲಾಯಿಸ್ಲಿ. ಮೊದಲಿಂದ ಆಡ್ತೇವೆ.”

ಮಾಸ್ತರರೂ ತಲೆ ಆಡಿಸಿದರು. ನನ್ನ ಹೋದ ಜೀವ ಬಂತು. ಆಗ ಸುಚಿತಾ ಎದ್ದು ನಿಂತಳು. ಮುಖ ಸುಣ್ಣದ ಹಾಗಾಗಿತ್ತು.

“ಸರ್, ನಂಗೆ ಗೊತ್ತಿತ್ತು.”

“ಎಂತದು?”

“ಬೆಳಿಗ್ಗೆ ಎರಡನೇ ಆಟದಲ್ಲೇ ಚುಕ್ಕಿ ನೋಡ್ದೆ. ಒರೆಸ್ಲಿಲ್ಲ. ಡ್ರ್ಯಾಗನ್ ಕಟ್ಟಿನ ಮೇಲೆ ಬಂದದ್ದು ನೋಡಿಕೊಂಡೇ ಆಡಿದ್ದು.”

ಈಗಷ್ಟೇ ಅವಳ ಪರವಾಗಿ ದೇವರಾಣೆ ಹಾಕಿದ್ದೆ. ಮಾಸ್ತರರು ಡ್ರ್ಯಾಗನ್ ಎಲೆಯನ್ನು ಅವಳ ಕೈಗೆ ಕೊಟ್ಟರು. ಆಮೇಲೆ ಮೆಲ್ಲಗೆ, “ಹಾಗಾದ್ರೆ ನೀನು ಆಟದಿಂದ ಹೊರಗೆ” ಎಂದರು. ಅವಳು ಎಲೆಗಳನ್ನು ಒಟ್ಟುಮಾಡಿ ಡಬ್ಬಕ್ಕೆ ಹಾಕಿಕೊಂಡಳು.

ಮನೆಗೆ ಹೋಗುವ ಬಸ್ಸು ಹಳದೀಪುರ ದಾಟಿದ ಮೇಲೆ ಕೇಳಿದೆ.

“ಅವ್ರೆಲ್ಲ ಬಿಟ್ಟಿದ್ರಲ್ಲೆ ಮಗಾ. ಎಂತಕೆ ಬಾಯಿ ಬಿಟ್ಟೆ?”

“ನೀನು ಅಷ್ಟು ಜನರ ಎದುರು ಆಣೆ ಹಾಕ್ದೆ, ಮಗುವಿಗೆ ಗೊತ್ತಿಲ್ಲ ಅಂತ. ಆಮೇಲೆ ನಾನು ಹ್ಯಾಂಗೆ ಕೂತು ಆಡೂದು?” ಎಂದು ಕಿಟಕಿಯ ಕಡೆ ತಿರುಗಿದಳು. ಹೆಗಲು ಅಲುಗುತ್ತಿತ್ತು.

ಮನೆಗೆ ಬಂದಾಗ ಈರ ಬಚ್ಚಲ ಒಲೆಗೆ ತೆಂಗಿನ ಸೋಗೆ ತುರುಕುತ್ತಿದ್ದ. ಏನೂ ಕೇಳುವ ಮೊದಲೇ ಸುಚಿತಾ ಡಬ್ಬವನ್ನು ಅವನ ಕೈಗಿಟ್ಟಳು.

“ಸೋತೆ ಅಪ್ಪ. ಮೋಸ ಮಾಡಿ ಸೋತೆ” ಎಂದು ನಡೆದದ್ದನ್ನೆಲ್ಲ ಹೇಳಿದಳು.

ಈರನ ಮುಖ ಕಲ್ಲಾಯಿತು. ಡಬ್ಬದ ಮುಚ್ಚಳ ತೆಗೆದು ಎಲೆಗಳನ್ನು ಮುಷ್ಟಿಯಲ್ಲಿ ಹಿಡಿದ. ನಾನು ಕಣ್ಣು ಮುಚ್ಚಿಕೊಂಡೆ. ಸೋಗೆ ಚಟಪಟ ಉರಿಯುವ ಸದ್ದಷ್ಟೇ ಕೇಳುತ್ತಿತ್ತು. ಕಣ್ಣು ಬಿಟ್ಟರೆ ಅವನ ಕೈ ಒಲೆಯ ಬಾಯಿಯಲ್ಲೇ ನಿಂತಿದೆ. ಎಲ್ಲಕ್ಕಿಂತ ಮೇಲಿದ್ದದ್ದು ಆ ಎಲೆ. ಉಜ್ಜಿದ್ದರೂ ಕೆಂಪು ಹೋಗಿರಲಿಲ್ಲ.

“ಅಬ್ಬೆ,” ಎಂದ ಸಣ್ಣ ದನಿಯಲ್ಲಿ, “ಇದಕ್ಕೆ ಬೊಟ್ಟು ಇಟ್ಟಿದ್ಯಲ್ಲೆ. ಬೆಂಕಿಗೆ ಹ್ಯಾಂಗೆ ಹಾಕೂದು?”

“ಹಾಕೂಕಾಗ್ತಿಲ್ಲ.”

“ಹೊಳೆಗೆ ಬಿಡ್ತೆ ಹಂಗಾರೆ.”

“ಹೊಳೆಗೆ ಬಿಡೂದು ಹಳೇದಾದ ಮೇಲೆ. ಇದು ಮೊನ್ನೆ ಬಂದದ್ದು.”

ಈರ ಆ ಎಲೆಯನ್ನು ಬೇರೆ ತೆಗೆದು ಕಟ್ಟೆಯ ಮೇಲಿಟ್ಟ. ಉಳಿದದ್ದನ್ನು ನೋಡಿದ. “ಇವಕ್ಕೆ ಇಟ್ಟಿಲ್ಲಲ್ಲ?”

ನನ್ನ ಮೊಣಕಾಲು ನೋವು ಆಗ ಎಲ್ಲಿ ಹೋಗಿತ್ತೋ! ದೇವರ ಕೋಣೆಗೆ ಓಡಿ ಕುಂಕುಮದ ಕರಡಿಗೆ ತಂದೆ. ಬೆರಳು ಅದ್ದಿ, ಅವನ ಮುಷ್ಟಿಯಲ್ಲಿದ್ದ ಎಲೆಗಳಿಗೆ ಇನ್ನೇನು ಮುಟ್ಟಿಸಬೇಕು, ಸುಚಿತಾ ಇಡೀ ಕೇರಿಗೆ ಕೇಳುವಂತೆ ಕಿರುಚಿದಳು:

“ಅಜ್ಜೀ! ಎಲೆಗೆ ಬೇಡ! ಡಬ್ಬಕ್ಕೆ ಇಡು, ಡಬ್ಬಕ್ಕೆ ಮಾತ್ರ!”

ಇಟ್ಟೆ. ಈರ ಡಬ್ಬವನ್ನು ನೋಡಿದ, ನನ್ನನ್ನು ನೋಡಿದ, ಕೈಯಲ್ಲಿದ್ದ ಎಲೆಗಳ ಜೊತೆ ಕಟ್ಟೆಯ ಮೇಲಿನ ಡ್ರ್ಯಾಗನ್ನನ್ನೂ ಒಳಗೆ ಹಾಕಿ ಮುಚ್ಚಳ ಒತ್ತಿದ. ಮತ್ತೆ ಒಲೆಯ ಕಡೆ ತಿರುಗಿ ಸೋಗೆ ತುರುಕತೊಡಗಿದ.

“ನೀರು ಕಾದಿದೆ. ಮಿಂದು ಬಾ” ಎಂದ ಮಗಳಿಗೆ.